ಚಿನ್ನದ ಗುರಾಣಿ, ಕಂಚಿನ ಗುರಾಣಿ: ‘ಅರಸುಗಳು’ ಗ್ರಂಥದ ಲೆಕ್ಕಪತ್ರ



ಬೈಬಲ್ಲಿನ ರಾಜರ ಐಶ್ವರ್ಯ ಎಂದರೆ ಎಲ್ಲರಿಗೂ ಮೊದಲು ನೆನಪಾಗುವವನು ಸೊಲೊಮೋನ. ಇಲ್ಲಿ ಬ್ರಿಟನ್ನಿನಲ್ಲಂತೂ ಬೈಬಲ್ ತೆರೆದೇ ನೋಡದವರ ಬಾಯಲ್ಲೂ ಅವನ ಜಾಣತನ, ಅವನ ಚಿನ್ನ, ಅವನ ಗಣಿ ಮೂರೂ ಗಾದೆಯಂತೆ ಓಡಾಡುತ್ತವೆ. (ಗಣಿಯ ಮಾತು ಮಾತ್ರ ಬೈಬಲ್ಲಿನದಲ್ಲ, ಅದು 1885ರಲ್ಲಿ ರೈಡರ್ ಹ್ಯಾಗರ್ಡ್ ಬರೆದ ಕಾದಂಬರಿಯ ಕೊಡುಗೆ.) ಪ್ರವಚನಕಾರರ ಕೈಯಲ್ಲಿ ಈ ಐಶ್ವರ್ಯಕ್ಕೆ ಎರಡು ಉಪಯೋಗಗಳಿವೆ. ದೇವರು ಮೆಚ್ಚಿದವನಿಗೆ ಹಣ ತಾನಾಗಿಯೇ ಬರುತ್ತದೆ, ಬೇಕಾದರೆ ಸೊಲೊಮೋನನನ್ನು ನೋಡಿ ಎನ್ನುತ್ತಾರೆ ಒಬ್ಬರು. ಹಣ ಎಂಥವನನ್ನೂ ಕೆಡಿಸುತ್ತದೆ, ಬೇಕಾದರೆ ಸೊಲೊಮೋನನನ್ನು ನೋಡಿ ಎನ್ನುತ್ತಾರೆ ಇನ್ನೊಬ್ಬರು. ಒಬ್ಬನೇ ಸಾಕ್ಷಿ ಎರಡೂ ಪಕ್ಷದ ವಕೀಲರಿಗೆ ಅನುಕೂಲವಾಗಿ ನುಡಿಯುತ್ತಿದ್ದಾನೆ ಅಂದರೆ ಅವನ ಹೇಳಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಇನ್ನೊಮ್ಮೆ ಓದುವುದು ಒಳ್ಳೆಯದು, ಅಲ್ಲವೇ?

‘ಸಾಹಿತ್ಯದ ಪತ್ರದಲ್ಲಿ ಬೈಬಲ್ ಯಾಕಪ್ಪ?’ ಎಂದು ಹುಬ್ಬೇರಿಸುವವರಿಗೆ ಒಂದು ಮಾತು. ಜೈನರಾಗದೆಯೂ ನಾವು ಪಂಪನ ಆದಿಪುರಾಣ ಓದುತ್ತೇವೆ. ಗೆದ್ದ ಬಾಹುಬಲಿ ರಾಜ್ಯವನ್ನು ಬಿಟ್ಟು ನಡೆಯುವಾಗ ನಮ್ಮ ಗಂಟಲೂ ಕಟ್ಟುತ್ತದೆ. ಅದೇ ಹಕ್ಕಿನಿಂದ ಈ ಪುಸ್ತಕವನ್ನೂ ಓದಬಹುದು. ಅದೂ ಕನ್ನಡದಲ್ಲೇ. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರ ದುಡಿಮೆಯಿಂದ ಇಡೀ ಬೈಬಲ್ 1831ರ ಹೊತ್ತಿಗೇ ಕನ್ನಡಕ್ಕೆ ಬಂದಿತ್ತು. ಆಮೇಲೆ ಎಷ್ಟೋ ಪರಿಷ್ಕರಣೆಗಳಾಗಿವೆ. ಆ ಹಳೆಯ ಗದ್ಯದ ಗತ್ತು ಒಮ್ಮೆ ಕಿವಿಗೆ ಬಿದ್ದರೆ ಬಿಡುವುದಿಲ್ಲ.

ನಮ್ಮ ಕೈಗೆ ‘ಒಂದನೆಯ ಅರಸುಗಳು’, ‘ಎರಡನೆಯ ಅರಸುಗಳು’ ಎಂದು ಎರಡಾಗಿ ಬಂದರೂ ಹೀಬ್ರೂವಿನಲ್ಲಿ ಇದು ಮೊದಲು ಒಂದೇ ಪುಸ್ತಕ. ಒಟ್ಟು 47 ಅಧ್ಯಾಯ, ಸುಮಾರು ನಾಲ್ಕು ನೂರು ವರ್ಷಗಳ ಕಥೆ. ದಾವೀದನ ಮುಪ್ಪಿನಿಂದ ಶುರುವಾಗಿ, ಕ್ರಿ.ಪೂ. 586ರ ಸುಮಾರಿಗೆ ಬಾಬಿಲೋನಿನ ಸೈನ್ಯ ಯೆರೂಸಲೇಮನ್ನು ಸುಟ್ಟು ಜನರನ್ನು ಸೆರೆಯೊಯ್ದು, ಆಮೇಲೆ ಇನ್ನೂ ಇಪ್ಪತ್ತೈದು ವರ್ಷದಷ್ಟು ಮುಂದೆ ಹೋಗಿ ನಿಲ್ಲುತ್ತದೆ. ಪುಸ್ತಕದ ಈಗಿನ ರೂಪ ಸಿದ್ಧವಾದದ್ದು ಆ ಸೆರೆಯ ಕಾಲದಲ್ಲಿ ಎಂಬುದು ಬಹಳ ಮಂದಿ ವಿದ್ವಾಂಸರ ಅಭಿಪ್ರಾಯ. ಅಂದರೆ ಸೊಲೊಮೋನನ ಚಿನ್ನದ ವರ್ಣನೆಯನ್ನು ಈ ರೂಪದಲ್ಲಿ ಮೊದಲು ಕೇಳಿದವರು ಎಲ್ಲವನ್ನೂ ಕಳೆದುಕೊಂಡು ಪರದೇಶದಲ್ಲಿ ಕೂತವರು. ಇದೊಂದನ್ನು ನೆನಪಿಟ್ಟುಕೊಂಡು ಓದಿದರೆ ಪುಸ್ತಕದ ದನಿಯೇ ಬದಲಾಗುತ್ತದೆ.

ಬರೆದವನ (ಬರೆದವರ ಎನ್ನಬೇಕೇನೋ, ಅನುಕೂಲಕ್ಕೆ ಒಬ್ಬನೇ ಇರಲಿ) ಸ್ವಭಾವವೂ ವಿಚಿತ್ರ. ಅವನು ಕವಿಯಲ್ಲ, ಶಾನುಭೋಗ. ಎಷ್ಟು ಮೊಳ, ಎಷ್ಟು ತೂಕ, ಎಷ್ಟು ಕುದುರೆ, ಯಾರಿಂದ ಬಂತು, ಎಲ್ಲಿಟ್ಟರು, ಎಲ್ಲವನ್ನೂ ಬರೆದಿಡುತ್ತಾನೆ. ಪ್ರತಿ ಅರಸನ ಕಥೆ ಮುಗಿದ ಕೂಡಲೇ ಉಳಿದದ್ದು ಬೇಕಿದ್ದರೆ ರಾಜವೃತ್ತಾಂತದ ಪುಸ್ತಕದಲ್ಲಿ ನೋಡಿಕೊಳ್ಳಿ ಎಂದು ಕೈತೊಳೆದುಕೊಳ್ಳುತ್ತಾನೆ. ನಮ್ಮ ಕಸುಬಿನಲ್ಲಿ ‘ವಿವರಕ್ಕೆ ಲಾಗ್ ಫೈಲ್ ನೋಡಿ’ ಎಂದು ಬರೆದ ಹಾಗೆ. ಆ ರಾಜವೃತ್ತಾಂತಗಳು ಈಗ ಉಳಿದಿಲ್ಲ, ಲಾಗ್ ಫೈಲ್ ಅಳಿಸಿಹೋಗಿದೆ!

ದೇವಾಲಯ, ವಿಗ್ರಹ, ಪೂಜೆಯ ವಿಷಯದಲ್ಲಿ ಈ ಶಾನುಭೋಗ ಮುಲಾಜಿಲ್ಲದೆ ತೀರ್ಪು ಕೊಡುತ್ತಾನೆ, ಇವನು ಒಳ್ಳೆಯವನು, ಅವನು ಕೆಟ್ಟವನು ಎಂದು. ಆದರೆ ಅರಸರ ಹಣದ ವಿಷಯ ಬಂದಾಗ ಬಾಯಿ ಬಿಡುವುದು ಅಪರೂಪ. ನನ್ನ ವಾದ ಇಷ್ಟೇ: ಸಂಪತ್ತಿನ ಬಗೆಗಿನ ಅವನ ತೀರ್ಪು ಪಟ್ಟಿಗಳೊಳಗೇ ಇದೆ. ಒಂದು ಅಧ್ಯಾಯದಲ್ಲಿ ಜಮೆ; ಅದರ ಖರ್ಚು ಹಲವು ಅಧ್ಯಾಯಗಳಾಚೆ, ಕೆಲವೊಮ್ಮೆ ನಾಲ್ಕು ನೂರು ವರ್ಷಗಳಾಚೆ. ಎರಡನ್ನೂ ಜೋಡಿಸಿ ನೋಡುವ ಕೆಲಸ ಓದುಗನದು.

ಮೊದಲ ಪಟ್ಟಿ ಊಟದ್ದು. ಒಂದನೆಯ ಅರಸುಗಳು 4ನೆಯ ಅಧ್ಯಾಯದಲ್ಲಿ ಸೊಲೊಮೋನನ ಅರಮನೆಗೆ ಒಂದು ದಿನಕ್ಕೆ ಏನೇನು ಬೇಕು ಎಂದಿದೆ: 30 ಕೋರ್ ನಯವಾದ ಹಿಟ್ಟು, 60 ಕೋರ್ ಸಾಧಾರಣ ಹಿಟ್ಟು, ಕೊಬ್ಬಿಸಿದ 10 ಎತ್ತು, ಹುಲ್ಲುಗಾವಲಿನ 20 ಎತ್ತು, 100 ಕುರಿ, ಇದರ ಮೇಲೆ ಜಿಂಕೆ, ಕೋಳಿ ಇತ್ಯಾದಿ. ಒಂದು ಕೋರ್ ಎಂದರೆ ಇನ್ನೂರು ಲೀಟರಿನ ಆಸುಪಾಸು ಎಂದು ಅಂದಾಜು. ಇದನ್ನು ಒದಗಿಸಲು ನಾಡನ್ನು ಹನ್ನೆರಡು ಭಾಗ ಮಾಡಿ, ಒಬ್ಬೊಬ್ಬ ಅಧಿಕಾರಿಗೆ ವರ್ಷದಲ್ಲಿ ಒಂದೊಂದು ತಿಂಗಳ ಸರದಿ ಹಚ್ಚಲಾಗಿತ್ತು. ಈ ಪಟ್ಟಿಯ ಆಚೆ ಈಚೆ ಇರುವ ಮಾತುಗಳನ್ನು ಗಮನಿಸಿ. ಸ್ವಲ್ಪ ಮೊದಲು, ಜನ ಸಮುದ್ರದ ಮರಳಿನಷ್ಟಿದ್ದರು, ಉಂಡು ಕುಡಿದು ಸಂತೋಷವಾಗಿದ್ದರು ಎಂದಿದೆ. ಸ್ವಲ್ಪ ಆಮೇಲೆ, ಒಬ್ಬೊಬ್ಬನೂ ತನ್ನ ದ್ರಾಕ್ಷಿ ಬಳ್ಳಿ, ಅಂಜೂರದ ಗಿಡದ ಕೆಳಗೆ ನಿರ್ಭಯವಾಗಿದ್ದ ಎಂದಿದೆ. ನಡುವೆ ಅರಮನೆಯ ಊಟದ ಬಿಲ್ಲು. ಸಂತೋಷವಾಗಿದ್ದ ಜನವೇ ಆ ಬಿಲ್ಲು ಕಟ್ಟಿದ್ದು ಎಂದು ಶಾನುಭೋಗ ಹೇಳುವುದಿಲ್ಲ. ಎಂಟು ಅಧ್ಯಾಯ ಕಾಯುತ್ತಾನೆ. ಸೊಲೊಮೋನ ಸತ್ತ ಮೇಲೆ, 12ನೆಯ ಅಧ್ಯಾಯದಲ್ಲಿ ಅದೇ ಜನ ಅವನ ಮಗ ರೆಹಬ್ಬಾಮನ ಮುಂದೆ ನಿಂತು, ನಿನ್ನ ತಂದೆ ಹೊರಿಸಿದ ನೊಗ ಭಾರವಾಗಿದೆ, ಸ್ವಲ್ಪ ಹಗುರ ಮಾಡು, ನಿನಗೆ ಸೇವೆ ಮಾಡುತ್ತೇವೆ ಎನ್ನುತ್ತಾರೆ. ಅಲ್ಲಿಯ ತನಕ ನಾವು ಓದಿದ ದೇವಾಲಯ, ಅರಮನೆ, ದಂತದ ಸಿಂಹಾಸನ ಎಲ್ಲವೂ ಆ ಒಂದು ವಾಕ್ಯದಿಂದ ಹಿಂದಕ್ಕೆ ತಿರುಗಿ ಬೇರೆಯದಾಗಿ ಕಾಣಿಸತೊಡಗುತ್ತವೆ.

ಇನ್ನು ಚಿನ್ನ. ಸೊಲೊಮೋನ ದೇವರಲ್ಲಿ ಹಣ ಕೇಳಿದವನಲ್ಲ. ಜನರಿಗೆ ನ್ಯಾಯ ತೀರಿಸುವ ವಿವೇಕ ಕೊಡು ಎಂದು ಕೇಳಿದ. ಕೇಳದ ಐಶ್ವರ್ಯವನ್ನೂ ದೇವರು ಜೊತೆಗೆ ಕೊಟ್ಟ ಎನ್ನುತ್ತದೆ 3ನೆಯ ಅಧ್ಯಾಯ. ಹೀಗೆ ವರವಾಗಿ ಬಂದದ್ದು 10ನೆಯ ಅಧ್ಯಾಯದ ಹೊತ್ತಿಗೆ ಒಂದು ವರ್ಷಕ್ಕೆ 666 ತಲಾಂತು ಚಿನ್ನವಾಗಿ ಬೆಳೆದಿದೆ. ತಲಾಂತಿಗೆ ಸುಮಾರು 34 ಕಿಲೋ ಎಂದು ಹಿಡಿದರೆ 22 ಟನ್ನಿಗೂ ಹೆಚ್ಚು! ಇತಿಹಾಸವಾಗಿ ಇದನ್ನು ನಂಬುವುದು ಕಷ್ಟ. ಯೆರೂಸಲೇಮಿನ ನೆಲದಲ್ಲಿ ಇಂಥ ಐಶ್ವರ್ಯದ ಕುರುಹು ಸಿಕ್ಕಿಲ್ಲ, ಸೊಲೊಮೋನನ ರಾಜ್ಯ ಎಷ್ಟು ದೊಡ್ಡದಿತ್ತು ಎಂಬುದರ ಬಗ್ಗೆಯೇ ಪುರಾತತ್ವಜ್ಞರಲ್ಲಿ ಜಗಳವಿದೆ. ಇರಲಿ, ನಮ್ಮ ಪ್ರಶ್ನೆ ಅದಲ್ಲ. ಈ ಅಂಕಿಗಳು ಕಥನದಲ್ಲಿ ಏನು ಮಾಡುತ್ತಿವೆ?

ಬೈಬಲ್ಲಿನದೇ ಧರ್ಮೋಪದೇಶಕಾಂಡದ 17ನೆಯ ಅಧ್ಯಾಯದಲ್ಲಿ ಅರಸನಾದವನು ಮೂರನ್ನು ಹೆಚ್ಚಿಸಿಕೊಳ್ಳಬಾರದು ಎಂಬ ಕಟ್ಟಳೆ ಇದೆ. ಕುದುರೆ, ಅದರಲ್ಲೂ ಐಗುಪ್ತದ ಕುದುರೆ, ಹೆಂಡಿರು, ಬೆಳ್ಳಿಬಂಗಾರ. ಈಗ 10ನೆಯ ಅಧ್ಯಾಯದ ಕೊನೆಯ ಭಾಗ ತೆರೆಯಿರಿ. ಮೊದಲು ಬಂಗಾರ. ಯೆರೂಸಲೇಮಿನಲ್ಲಿ ಬೆಳ್ಳಿ ಕಲ್ಲಿನಷ್ಟು ಅಗ್ಗವಾಗಿತ್ತಂತೆ. ಆಮೇಲೆ ಕುದುರೆ: 1,400 ರಥ, 12,000 ರಾಹುತರು, ಐಗುಪ್ತದಿಂದ ಆಮದು, ರಥಕ್ಕೆ 600 ಬೆಳ್ಳಿ, ಕುದುರೆಗೆ 150 ಎಂದು ದರಪಟ್ಟಿ ಸಹಿತ. ಪುಟ ತಿರುಗಿಸಿದರೆ 700 ಹೆಂಡತಿಯರು, 300 ಉಪಪತ್ನಿಯರು. ಮೂರನೆಯದಕ್ಕೆ ಬಂದಾಗ ಮಾತ್ರ ಶಾನುಭೋಗ ಸಿಟ್ಟಾಗಿ ಬಾಯಿಬಿಟ್ಟು ಖಂಡಿಸುತ್ತಾನೆ. ಮೊದಲೆರಡನ್ನು ಹೊಗಳಿಕೆಯ ದನಿಯಲ್ಲೇ ಬರೆದಿದ್ದಾನೆ. ಕಟ್ಟಳೆ ಗೊತ್ತಿದ್ದವರಿಗೆ ಈ ಹೊಗಳಿಕೆ ಚಾರ್ಜ್‌ಶೀಟಿನಂತೆ ಕೇಳುತ್ತದೆ, ಗೊತ್ತಿಲ್ಲದವರಿಗೆ ಬರೀ ವೈಭವ. ಎರಡು ಬಗೆಯ ಪ್ರವಚನಗಳೂ ಇಲ್ಲೇ ಹುಟ್ಟಿಕೊಂಡಿರುವುದು. ಕಟ್ಟಳೆಯ ಈಗಿನ ರೂಪವೇ ಸೊಲೊಮೋನನನ್ನು ನೋಡಿ ಬರೆದದ್ದಿರಬೇಕು ಎಂದು ಹಲವು ವಿದ್ವಾಂಸರು ಊಹಿಸುತ್ತಾರೆ. ಹಾಗಿದ್ದರೂ ಓದಿನ ಮಟ್ಟಿಗೆ ಪರಿಣಾಮ ಒಂದೇ.

(ಒಂದು ಅಡ್ಡ ಮಾತು. ಇದೇ ಅಧ್ಯಾಯದಲ್ಲಿ ಮೂರು ವರ್ಷಕ್ಕೊಮ್ಮೆ ಹಡಗುಗಳು ಚಿನ್ನ, ಬೆಳ್ಳಿ, ದಂತ, ಕಪಿ, ನವಿಲು ಹೊತ್ತು ತರುತ್ತಿದ್ದವು ಎಂದಿದೆ. ನವಿಲಿಗೆ ಹೀಬ್ರೂವಿನಲ್ಲಿರುವ ಪದ ‘ತುಕ್ಕಿಯೀಮ್’. ಇದು ತಮಿಳಿನ ‘ತೋಗೈ’ ಇರಬೇಕೆಂದು ರಾಬರ್ಟ್ ಕಾಲ್ಡ್‌ವೆಲ್ 1856ರ ತಮ್ಮ ದ್ರಾವಿಡ ವ್ಯಾಕರಣದಲ್ಲಿ ವಾದಿಸಿದ್ದರು. ನಮ್ಮ ‘ತೋಕೆ’ ಅದರ ಸೋದರ. ನವಿಲೇ ಅಲ್ಲ, ಅದೊಂದು ಜಾತಿಯ ಕೋತಿ ಎನ್ನುವವರೂ ಇದ್ದಾರೆ. ಕಾಲ್ಡ್‌ವೆಲ್ ಸರಿಯಿದ್ದರೆ ಸೊಲೊಮೋನನ ಪಟ್ಟಿಯಲ್ಲಿ ನಮ್ಮ ಕಡೆಯ ಒಂದು ಬಾಲ ಸಿಕ್ಕಿಕೊಂಡಿದೆ ಅನ್ನಿ!)

ಈಗ ನನಗೆ ಅತ್ಯಂತ ಇಷ್ಟವಾದ ಜಾಗ. ಬಂದ ಚಿನ್ನದಲ್ಲಿ ಸೊಲೊಮೋನ ಏನು ಮಾಡಿಸಿದ? 200 ದೊಡ್ಡ ಗುರಾಣಿ, ಒಂದೊಂದಕ್ಕೆ 600 ಶೆಕೆಲ್ ಚಿನ್ನ. 300 ಸಣ್ಣ ಗುರಾಣಿ, ಒಂದೊಂದಕ್ಕೆ ಮೂರು ಮಾನೆ. ಇವನ್ನು ಲೆಬನೋನಿನ ತೋಪು ಎಂಬ ಹೆಸರಿನ ಮಂದಿರದಲ್ಲಿ ಇರಿಸಿದ. ಅಭ್ಯಾಸಬಲ, ಲೆಕ್ಕ ಹಾಕಿಬಿಟ್ಟೆ: ಮಾನೆಗೆ 50 ಶೆಕೆಲ್, ತಲಾಂತಿಗೆ 3,000 ಶೆಕೆಲ್ ಎಂದು ಹಿಡಿದರೆ ಎಲ್ಲ ಗುರಾಣಿಗಳೂ ಸೇರಿ 55 ತಲಾಂತು. ಒಂದು ವರ್ಷದ ಆದಾಯದ ಹನ್ನೆರಡರಲ್ಲಿ ಒಂದು ಭಾಗ. ಚಿನ್ನ ಮೆತ್ತನೆಯ ಲೋಹ, ಒಂದು ಕತ್ತಿಯೇಟಿಗೂ ತಡೆಯದು. ಗುರಾಣಿಯ ಆಕಾರವಿದೆ, ಗುರಾಣಿಯ ಗುಣವಿಲ್ಲ.

ನಾಲ್ಕು ಅಧ್ಯಾಯಗಳ ನಂತರ, ರೆಹಬ್ಬಾಮನ ಆಳ್ವಿಕೆಯ ಐದನೆಯ ವರ್ಷ ಐಗುಪ್ತದ ಅರಸ ಶೀಶಕ ಯೆರೂಸಲೇಮಿನ ಮೇಲೆ ಬಂದು ದೇವಾಲಯದ, ಅರಮನೆಯ ಭಂಡಾರಗಳನ್ನು ದೋಚುತ್ತಾನೆ. ‘ಎಲ್ಲವನ್ನೂ’ ಎಂದು ಬರೆದಾದ ಮೇಲೂ ಶಾನುಭೋಗನಿಗೆ ತೃಪ್ತಿಯಿಲ್ಲ. ಸೊಲೊಮೋನ ಮಾಡಿಸಿದ ಚಿನ್ನದ ಗುರಾಣಿಗಳನ್ನೂ ಎಂದು ಬೇರೆಯಾಗಿ ನಮೂದಿಸುತ್ತಾನೆ. (ಈ ಶೀಶಕ ಐತಿಹಾಸಿಕ ವ್ಯಕ್ತಿ, ಫೇರೋ ಮೊದಲನೆಯ ಶೋಶೆಂಕ್. ಅವನ ದಂಡಯಾತ್ರೆಯ ಊರುಗಳ ಪಟ್ಟಿ ಕಾರ್ನಾಕ್ ದೇಗುಲದ ಗೋಡೆಯ ಮೇಲಿದೆ. ಅದರಲ್ಲಿ ಉಳಿದಿರುವ ಹೆಸರುಗಳಲ್ಲಿ ಯೆರೂಸಲೇಮ್ ಇಲ್ಲದಿರುವುದು ಇನ್ನೊಂದು ದೊಡ್ಡ ಚರ್ಚೆ.) ರೆಹಬ್ಬಾಮ ಏನು ಮಾಡಿದ? ಅವುಗಳ ಬದಲಿಗೆ ಕಂಚಿನ ಗುರಾಣಿ ಮಾಡಿಸಿ ಕಾವಲುಗಾರರ ನಾಯಕರ ವಶಕ್ಕೆ ಕೊಟ್ಟ. ಅರಸ ದೇವಾಲಯಕ್ಕೆ ಹೋಗುವಾಗಲೆಲ್ಲ ಕಾವಲುಗಾರರು ಅವನ್ನು ಹಿಡಿದು ನಡೆಯುತ್ತಿದ್ದರು, ಆಮೇಲೆ ಮತ್ತೆ ಕೋಣೆಗೆ ತಂದಿಡುತ್ತಿದ್ದರು.

ಅಷ್ಟೇ. ಒಂದು ಅಕ್ಷರದ ವ್ಯಾಖ್ಯಾನವಿಲ್ಲ. ಆದರೆ ಆ ‘ಮತ್ತೆ ಕೋಣೆಗೆ’ ಎಂಬಲ್ಲಿ ಎಷ್ಟಿದೆ ನೋಡಿ. ಹಣ ಹೋಗಿದೆ, ಆಚರಣೆ ಉಳಿದಿದೆ. ಚಿನ್ನದ್ದು ಮಂದಿರದಲ್ಲಿ ಇರುತ್ತಿತ್ತು. ಕಂಚಿನದನ್ನು ಬಳಸಿ ಎಣಿಸಿ ಒಳಗಿಡುತ್ತಾರೆ. ದೂರದಿಂದ ನೋಡಿದವನಿಗೆ ಬಿಸಿಲಿಗೆ ಕಂಚೂ ಹೊಳೆಯುತ್ತದೆ. ವ್ಯಂಗ್ಯವೆಂದರೆ, ಗುರಾಣಿಯಾಗಿ ಕೆಲಸಕ್ಕೆ ಬರುವುದೂ ಕಂಚಿನದೇ. ಒಂದು ಮನೆತನದ ಇಳಿಗಾಲವನ್ನು ಮೂರು ವಾಕ್ಯಗಳಲ್ಲಿ ಇಷ್ಟು ತಣ್ಣಗೆ ಬರೆದದ್ದನ್ನು ನಾನು ಬೇರೆಲ್ಲೂ ಓದಿಲ್ಲ.

ಪೂರ್ವಕಾಲವೃತ್ತಾಂತ ಎಂಬ ಗ್ರಂಥ ಇದೇ ಕಥೆಯನ್ನು ಮುಂದೊಂದು ಕಾಲದಲ್ಲಿ ಮತ್ತೆ ಬರೆಯಿತು. ಹೋಲಿಸಿ ಓದಲು ಚೆನ್ನಾಗಿದೆ. ‘ಅರಸುಗಳು’ 9ನೆಯ ಅಧ್ಯಾಯದಲ್ಲಿ ಸೊಲೊಮೋನ ತೂರಿನ ಅರಸ ಹೀರಾಮನಿಗೆ ಗಲಿಲಾಯದ 20 ಊರುಗಳನ್ನು ಕೊಡುತ್ತಾನೆ. ಇಪ್ಪತ್ತು ವರ್ಷ ದೇವದಾರು, ತುರಾಯಿ ಮರ, ಚಿನ್ನ ಕೊಟ್ಟವನಿಗೆ ಊರುಗಳಲ್ಲಿ ಪಾವತಿ! ಹೀರಾಮ ಬಂದು ನೋಡಿ, ಇವೆಂಥ ಊರುಗಳಯ್ಯಾ ಎಂದು ಮೂಗು ಮುರಿಯುತ್ತಾನೆ. ಆ ಊರುಗಳಲ್ಲಿದ್ದ ಜನರನ್ನು ಯಾರೂ ಕೇಳಲಿಲ್ಲ. ಪೂರ್ವಕಾಲವೃತ್ತಾಂತಕ್ಕೆ ಇದು ಇರುಸುಮುರುಸಾಗಿರಬೇಕು. ಅಲ್ಲಿ ಹೀರಾಮನೇ ಸೊಲೊಮೋನನಿಗೆ ಊರುಗಳನ್ನು ಕೊಟ್ಟ ಎಂದಿದೆ. ಜಮೆಖರ್ಚಿನ ದಿಕ್ಕೇ ತಿರುಗಿಬಿಟ್ಟಿದೆ. ಸಾವಿರ ಹೆಂಡಿರ ಪ್ರಕರಣವೂ ಮಾಯ. ಅದೇ ಪುಸ್ತಕದಲ್ಲಿ ದಾವೀದ, ಎಲ್ಲವೂ ನಿನ್ನಿಂದಲೇ ಬಂದದ್ದು, ನಿನ್ನದನ್ನೇ ನಿನಗೆ ಕೊಟ್ಟಿದ್ದೇವೆ ಎಂದು ದೇವರ ಮುಂದೆ ನಿವೇದಿಸಿಕೊಳ್ಳುತ್ತಾನೆ. ಧನದ ಪಾರುಪತ್ಯ ಎಂಬ ವಿಚಾರಕ್ಕೆ ಪ್ರವಚನಗಳಲ್ಲಿ ಹೆಚ್ಚಾಗಿ ಉದಾಹರಿಸುವುದು ಈ ಮಾತನ್ನೇ. ಮಾತು ಸುಂದರವಾಗಿದೆ, ಒಪ್ಪುತ್ತೇನೆ. ಆದರೆ ಆ ಮಾತಿರುವ ಪುಸ್ತಕ ಹೀರಾಮನ ಲೆಕ್ಕವನ್ನು ತಿರುವಿದೆ. ನನ್ನ ಓಟು ಒಣ ಶಾನುಭೋಗನಿಗೇ.

ಪಾರುಪತ್ಯ ಎಂದೆ. ಇದಕ್ಕೆ ಕನ್ನಡ ಬೈಬಲ್ಲಿನ ಪರಂಪರೆಯಲ್ಲಿ ‘ಮನೆವಾರ್ತೆ’ ಎಂಬ ಇನ್ನೊಂದು ಸೊಗಸಾದ ಪದವಿದೆ. ಒಡೆಯನ ಮನೆಯನ್ನು ನೋಡಿಕೊಳ್ಳುವವನು ಮನೆವಾರ್ತೆಯವನು. ಯೆರೂಸಲೇಮಿನ ಅರಮನೆಯಲ್ಲಿ ಇದೇ ಅರ್ಥದ ಒಂದು ಹುದ್ದೆಯಿತ್ತು, ಹೀಬ್ರೂವಿನಲ್ಲಿ ‘ಮನೆಯ ಮೇಲಿರುವವನು’ ಎಂದು. ಅರಸನೂ ಒಬ್ಬ ಮನೆವಾರ್ತೆಯವನೇ ಎಂಬ ದೃಷ್ಟಿಯಿಂದ ನೋಡಿದರೆ ‘ಅರಸುಗಳು’ ಗ್ರಂಥದಲ್ಲಿ ಒಂದೇ ಒಂದು ಸಮಾಧಾನದ ದೃಶ್ಯವಿದೆ. ಅದರಲ್ಲಿ ಚಿನ್ನವಿಲ್ಲ, ಒಂದು ಪೆಟ್ಟಿಗೆಯಿದೆ.

ಎರಡನೆಯ ಅರಸುಗಳು 12ನೆಯ ಅಧ್ಯಾಯ. ಯೋವಾಷ ಎಂಬ ಅರಸ ದೇವಾಲಯದ ರಿಪೇರಿಗೆಂದು ಕಾಣಿಕೆಯ ಹಣವನ್ನು ಯಾಜಕರಿಗೇ ವಹಿಸಿದ್ದ. ಅವನ ಆಳ್ವಿಕೆಯ 23ನೆಯ ವರ್ಷ ಬಂದರೂ ಒಂದು ಬಿರುಕೂ ಮುಚ್ಚಿರಲಿಲ್ಲ. ಯಾರು ತಿಂದರು ಎಂದು ಪುಸ್ತಕ ಹೇಳುವುದಿಲ್ಲ, ಅರಸನೂ ವಿಚಾರಣೆ ನಡೆಸುವುದಿಲ್ಲ. ಏರ್ಪಾಡನ್ನೇ ಬದಲಿಸುತ್ತಾನೆ. ಮಹಾಯಾಜಕ ಯೆಹೋಯಾದ ಒಂದು ಪೆಟ್ಟಿಗೆ ತಂದು, ಮುಚ್ಚಳದಲ್ಲಿ ತೂತು ಕೊರೆದು, ಯಜ್ಞವೇದಿಯ ಬಲಗಡೆ ಇಡುತ್ತಾನೆ. ತುಂಬಿದಾಗ ಅರಮನೆಯ ಲೇಖಕನೂ ಮಹಾಯಾಜಕನೂ ಇಬ್ಬರೂ ಕೂಡಿ ಎಣಿಸಿ, ಚೀಲಕ್ಕೆ ಕಟ್ಟಿ, ಮೇಸ್ತ್ರಿಗಳ ಕೈಗೆ ಕೊಡುತ್ತಾರೆ. ಅಲ್ಲಿಂದ ಬಡಗಿಗಳಿಗೆ, ಕಲ್ಲುಕುಟಿಗರಿಗೆ. ಆ ಹಣದಲ್ಲಿ ಬೆಳ್ಳಿಯ ಬಟ್ಟಲಾಗಲಿ ಬಂಗಾರದ ಪಾತ್ರೆಯಾಗಲಿ ಮಾಡಿಸಲಿಲ್ಲ ಎಂದು ಸ್ಪಷ್ಟವಾಗಿ ಬರೆದಿದೆ. ಎರಡು ಕೈಯ ಎಣಿಕೆ, ಒಂದೇ ಉದ್ದೇಶ; ಇಂದಿನ ಆಡಿಟರುಗಳೂ ಕೇಳುವುದು ಅದನ್ನೇ. ಮೇಸ್ತ್ರಿಗಳಿಂದ ಮಾತ್ರ ಲೆಕ್ಕ ಕೇಳಲಿಲ್ಲ, ಅವರು ನಂಬಿಗಸ್ತರಾಗಿದ್ದರು ಎನ್ನುತ್ತಾನೆ ಶಾನುಭೋಗ. ಯಾಜಕರಿಗೆ ಬೀಗದ ಪೆಟ್ಟಿಗೆಯಂಥ ಏರ್ಪಾಡು, ಕೂಲಿಯವರಿಗೆ ನಂಬಿಕೆ. ಇಡೀ ಪುಸ್ತಕದಲ್ಲಿ ಹಣದ ವಿಷಯಕ್ಕೆ ಅವನು ಬಾಯಿಬಿಟ್ಟು ಶಭಾಷ್ ಎನ್ನುವುದು ಈ ಹೆಸರಿಲ್ಲದ ಮೇಸ್ತ್ರಿಗಳಿಗೆ, ಇಲ್ಲೊಮ್ಮೆ, ಮುಂದೆ ಯೋಷೀಯನ ಕಾಲದ ರಿಪೇರಿಯಲ್ಲಿ ಇನ್ನೊಮ್ಮೆ.

ಇಷ್ಟು ಹೇಳಿ ಉಸಿರು ಬಿಡುವಷ್ಟರಲ್ಲಿ ಅದೇ ಅಧ್ಯಾಯದಲ್ಲಿ ಅರಾಮ್ಯರ ಹಜಾಯೇಲ ದಂಡೆತ್ತಿ ಬರುತ್ತಾನೆ, ಯೋವಾಷ ಭಂಡಾರದಲ್ಲಿದ್ದ ಚಿನ್ನವನ್ನೆಲ್ಲ ಅವನಿಗೆ ಕಳಿಸಿ ವಾಪಸು ಕಳಿಸುತ್ತಾನೆ. ಇದೇ ರಾಗ ಪುಸ್ತಕದುದ್ದಕ್ಕೂ ಬರುತ್ತದೆ. ಯೆರೂಸಲೇಮಿನ ಭಂಡಾರ ಬರಿದಾದದ್ದನ್ನು ನಾನು ಎಣಿಸಿದೆ: ಶೀಶಕ, ಆಸ, ಯೋವಾಷ, ಇಸ್ರಾಯೇಲಿನ ಅರಸ ಯೆಹೋವಾಷ, ಆಹಾಜ, ಹಿಜ್ಕೀಯ, ಕೊನೆಗೆ ನೆಬೂಕದ್ನೆಚ್ಚರ. ಏಳು ಸಲ. ಇದರಲ್ಲಿ ದೋಚಿದವರು ಮೂವರು. ಉಳಿದ ನಾಲ್ಕು ಸಲ ಸ್ವಂತ ಅರಸರೇ ತಮ್ಮ ಕೈಯಾರೆ ತೆಗೆದು ಯಾರಿಗೋ ಕಪ್ಪ ಕೊಟ್ಟದ್ದು. ‘ಎಲ್ಲವನ್ನೂ’ ಎಂದು ಇಷ್ಟು ಸಲ ತೆಗೆದರೂ ಮುಂದಿನವನಿಗೆ ತೆಗೆಯಲು ಏನೋ ಉಳಿದಿರುತ್ತದೆ, ಅದು ಹೇಗೆಂದು ಕೇಳಬೇಡಿ! ಯೆಹೋಯಾಕೀಮ ಎಂಬವನು ಫೇರೋಗೆ ಕೊಡಬೇಕಾದ ಹಣಕ್ಕೆ ಜನರ ಮೇಲೆಯೇ ತೆರಿಗೆ ಹಾಕಿ ವಸೂಲು ಮಾಡಿದ. ಕೊನೆಯ ಭಂಡಾರ ಯಾವಾಗಲೂ ಜನರ ಜೇಬು.

ಹಿಜ್ಕೀಯನ ಹತ್ತಿರ ಸ್ವಲ್ಪ ನಿಲ್ಲಬೇಕು. ಪುಸ್ತಕ ಮನಸಾರೆ ಮೆಚ್ಚುವ ಕೆಲವೇ ಅರಸರಲ್ಲಿ ಅವನೊಬ್ಬ. ಕ್ರಿ.ಪೂ. 701ರಲ್ಲಿ ಅಶ್ಶೂರದ ಸನ್ಹೇರೀಬ ಬಂದಾಗ 300 ತಲಾಂತು ಬೆಳ್ಳಿ, 30 ತಲಾಂತು ಚಿನ್ನ ಕಪ್ಪ ಕಟ್ಟುತ್ತಾನೆ. ಸಾಲದೆ, ದೇವಾಲಯದ ಬಾಗಿಲಿಗೆ ತಾನೇ ಹೊದಿಸಿದ್ದ ಚಿನ್ನದ ತಗಡನ್ನು ಕಿತ್ತು ಕೊಡುತ್ತಾನೆ. ಇದಕ್ಕೆ ಎದುರು ಪಕ್ಷದ ರಸೀದಿಯೂ ಉಂಟು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ, ಟೇಲರ್ ಪ್ರಿಸಮ್ ಎಂದು ಕರೆಯುವ ಆರು ಮುಖದ ಮಣ್ಣಿನ ಸ್ತಂಭದಲ್ಲಿ ಸನ್ಹೇರೀಬ ತನಗೆ ಸಂದದ್ದನ್ನು ಬರೆಸಿದ್ದಾನೆ. ಚಿನ್ನ 30 ತಲಾಂತು, ಸರಿಯಾಗಿ ತಾಳೆಯಾಗುತ್ತದೆ. ಬೆಳ್ಳಿ ಮಾತ್ರ 800. ಕೊಟ್ಟವನು 300 ಎನ್ನುತ್ತಾನೆ, ಪಡೆದವನು 800 ಎನ್ನುತ್ತಾನೆ. ಎರಡು ಸಾವಿರದ ಏಳುನೂರು ವರ್ಷವಾದರೂ ಆ ರಿಕನ್ಸಿಲಿಯೇಷನ್ ಮುಗಿದಿಲ್ಲ. ನಮ್ಮ ಊರಿಂದ ಬಂದವರನ್ನು ಮ್ಯೂಸಿಯಮ್ಮಿಗೆ ಕರೆದೊಯ್ಯುವಾಗ ಮಮ್ಮಿಗಳ ಮುಂದೆ ಗಂಟೆಗಟ್ಟಲೆ ನಿಲ್ಲುತ್ತೇವೆ, ಈ ಸ್ತಂಭವನ್ನೂ ಒಮ್ಮೆ ನೋಡಿ ಬನ್ನಿ.

ಇದಾದ ಮೇಲೆ, 20ನೆಯ ಅಧ್ಯಾಯದಲ್ಲಿ, ಬಾಬಿಲೋನಿನಿಂದ ರಾಯಭಾರಿಗಳು ಬರುತ್ತಾರೆ. ಹಿಜ್ಕೀಯ ಹಿಗ್ಗಿ ತನ್ನ ಬೆಳ್ಳಿ, ಬಂಗಾರ, ಸುಗಂಧದ್ರವ್ಯ, ಆಯುಧಶಾಲೆ ಎಲ್ಲವನ್ನೂ ತೆರೆದು ತೋರಿಸುತ್ತಾನೆ. ತಗಡು ಕಿತ್ತು ಕೊಟ್ಟವನ ಹತ್ತಿರ ತೋರಿಸಲು ಇಷ್ಟೆಲ್ಲ ಎಲ್ಲಿಂದ ಬಂತು? ಕಾಲಕ್ರಮದಲ್ಲಿ ಈ ಭೇಟಿ ಸನ್ಹೇರೀಬನ ದಾಳಿಗಿಂತ ಮೊದಲಿನದು ಎಂಬುದು ಇತಿಹಾಸಕಾರರ ಸಾಮಾನ್ಯ ಅಭಿಪ್ರಾಯ. ಶಾನುಭೋಗ ಅದನ್ನು ಆಮೇಲೆ ಇಟ್ಟಿದ್ದಾನೆ. ಅದು ಅಲ್ಲೇ ಇರಬೇಕು, ಏಕೆಂದರೆ ಹಿಜ್ಕೀಯನ ಕಥೆಯನ್ನು ಅವನು ಮುಗಿಸಬೇಕಾದದ್ದು ಈ ದೃಶ್ಯದಿಂದ. ಪ್ರವಾದಿ ಯೆಶಾಯ ಬಂದು ಕೇಳುತ್ತಾನೆ: ಅವರು ಏನು ನೋಡಿದರು? ಎಲ್ಲವನ್ನೂ. ಹಾಗಾದರೆ ಕೇಳು, ಈ ಎಲ್ಲವೂ, ನಿನ್ನ ಪಿತೃಗಳು ಕೂಡಿಟ್ಟದ್ದೂ, ಒಂದು ದಿನ ಬಾಬಿಲೋನಿಗೆ ಹೋಗುತ್ತದೆ. ನಿನ್ನ ವಂಶದ ಮಕ್ಕಳೂ ಅಲ್ಲಿಯ ಅರಮನೆಯಲ್ಲಿ ಊಳಿಗದವರಾಗುತ್ತಾರೆ. ಅದಕ್ಕೆ ಹಿಜ್ಕೀಯನ ಉತ್ತರ: ನೀನು ಹೇಳಿದ ದೇವರ ಮಾತು ಒಳ್ಳೆಯದೇ. ಮನಸ್ಸಿನೊಳಗೆ ಅವನು ಅಂದುಕೊಂಡದ್ದು: ನನ್ನ ಕಾಲದಲ್ಲಂತೂ ಸಮಾಧಾನವಿರುತ್ತದಲ್ಲ.

ಈ ಸಾಲನ್ನು ಭಕ್ತಿಯ ಶರಣಾಗತಿ ಎಂದು ವ್ಯಾಖ್ಯಾನಿಸುವವರಿದ್ದಾರೆ. ನನಗೆ ಹಾಗೆ ಕೇಳಿಸುವುದಿಲ್ಲ. ಇಡೀ ಪುಸ್ತಕದ ಅತ್ಯಂತ ಭಯಂಕರ ವಾಕ್ಯ ಇದು, ಅದೂ ಒಬ್ಬ ಒಳ್ಳೆಯವನ ಬಾಯಲ್ಲಿ. ಕೆಟ್ಟ ಅರಸರು ಯಾರೂ ಇಂಥ ಮಾತಾಡಿಲ್ಲ. ಸಂಪತ್ತಿನ ಪಾಲನೆ ಎಂದರೆ ಖರ್ಚಿನಲ್ಲಿ ಹಿಡಿತ, ಪ್ರಾಮಾಣಿಕತೆ ಎಂದೆಲ್ಲ ನಾವು ತಿಳಿದಿರುತ್ತೇವೆ. ಹಿಜ್ಕೀಯನಲ್ಲಿ ಅವೆಲ್ಲ ಇದ್ದಿರಬಹುದು. ಇಲ್ಲದ್ದು ತನ್ನ ಮರಣದಾಚೆಯ ಒಂದು ದಿನವನ್ನು ತನ್ನದೆಂದು ಎಣಿಸುವ ಶಕ್ತಿ. ನಲವತ್ತು ದಾಟಿದ ನಾವು ಈಗ ಸೇರಿದಾಗಲೆಲ್ಲ ಮಾತು ಪೆನ್ಷನ್, ವಿಲ್, ಊರಿನ ಸೈಟು, ಮಕ್ಕಳಿಗೆ ಯಾವ ದೇಶ ಎಂಬಲ್ಲಿಗೇ ಬಂದು ನಿಲ್ಲುತ್ತದೆ. ‘ನಮ್ಮ ಕಾಲಕ್ಕೆ ಸಾಕು ಬಿಡಿ’ ಎಂದು ಯಾರಾದರೂ ನಕ್ಕಾಗ ನನಗೆ ಹಿಜ್ಕೀಯ ನೆನಪಾಗುತ್ತಾನೆ. ನಗುವವರಲ್ಲಿ ನಾನೂ ಇರುತ್ತೇನೆ.

ಇದೇ ಹಿಜ್ಕೀಯನ ಅರಮನೆಯಲ್ಲಿ ಶೆಬ್ನ ಎಂಬ ಮನೆವಾರ್ತೆಯವನಿದ್ದ. ಬೆಟ್ಟದ ಬಂಡೆಯಲ್ಲಿ ಭರ್ಜರಿ ಗೋರಿ ಕೊರೆಸಿಕೊಳ್ಳುತ್ತಿದ್ದಾನೆಂದು ಯೆಶಾಯ ಅವನನ್ನು ಬಯ್ಯುವ ಪ್ರಸಂಗ ಯೆಶಾಯನ ಗ್ರಂಥದಲ್ಲಿದೆ. 1870ರಲ್ಲಿ ಕ್ಲೆರ್ಮಾನ್ ಗನೋ ಎಂಬ ಫ್ರೆಂಚ್ ವಿದ್ವಾಂಸರಿಗೆ ಯೆರೂಸಲೇಮಿನ ಪಕ್ಕದ ಸಿಲ್ವಾನ್‌ನಲ್ಲಿ ಅಂಥ ಒಂದು ಗೋರಿಯ ಬಾಗಿಲ ಮೇಲಿನ ಬರಹ ಸಿಕ್ಕಿತು. ಅದನ್ನು ಸರಿಯಾಗಿ ಓದಿದವರು ನಾಹ್ಮಾನ್ ಅವಿಗಾದ್, 1953ರಲ್ಲಿ. ಸತ್ತವನ ಹುದ್ದೆ ‘ಮನೆಯ ಮೇಲಿರುವವನು’. ಹೆಸರಿನ ಮೊದಲ ಭಾಗ ಒಡೆದುಹೋಗಿ ‘ಯಾಹು’ ಎಂಬ ಕೊನೆ ಮಾತ್ರ ಉಳಿದಿದೆ. ಶೆಬನ್ಯಾಹು, ಅಂದರೆ ಶೆಬ್ನನೇ ಇರಬಹುದೆಂಬ ಊಹೆ ಬಲವಾಗಿದೆ. ಬರಹದ ತಾತ್ಪರ್ಯ: ಇಲ್ಲಿ ಬೆಳ್ಳಿಯಿಲ್ಲ, ಬಂಗಾರವಿಲ್ಲ, ಇವನ ಮೂಳೆ ಮತ್ತು ಇವನೊಂದಿಗೆ ಇವನ ದಾಸಿಯ ಮೂಳೆ ಮಾತ್ರ, ತೆರೆದವನಿಗೆ ಶಾಪ. ರಾಜಭಂಡಾರ ನೋಡಿಕೊಂಡವನು ಕಳ್ಳರಿಗೆ ಬರೆದಿಟ್ಟ ಕೊನೆಯ ಲೆಕ್ಕಪತ್ರ! ಆ ಕಲ್ಲೂ ಬ್ರಿಟಿಷ್ ಮ್ಯೂಸಿಯಮ್ಮಿನ ಸಂಗ್ರಹದಲ್ಲೇ ಇದೆ.

ಕೊನೆಗೆ ಬಾಬಿಲೋನಿನವರು ಬಂದೇ ಬಂದರು. ಸೊಲೊಮೋನ ಮಾಡಿಸಿದ ಬಂಗಾರದ ಪಾತ್ರೆಗಳನ್ನು ತುಂಡು ತುಂಡು ಮಾಡಿದರು. ದೇವಾಲಯದ ಮುಂದಿನ ಎರಡು ಕಂಚಿನ ಕಂಬಗಳನ್ನು ಒಡೆದು ಸಾಗಿಸಿದರು. ಇಲ್ಲಿ ಶಾನುಭೋಗ ಒಂದು ಮಾತು ಹೇಳುತ್ತಾನೆ: ಒಯ್ದ ಕಂಚನ್ನು ತೂಗಲು ಸಾಧ್ಯವಿರಲಿಲ್ಲ. ಈ ಮಾತನ್ನು ಮೊದಲೇ ಎಲ್ಲೋ ಓದಿದ್ದೇವಲ್ಲ ಅನ್ನಿಸಿ ಹಿಂದೆ ತಿರುಗಿಸಿದರೆ, ಒಂದನೆಯ ಅರಸುಗಳು 7ನೆಯ ಅಧ್ಯಾಯದಲ್ಲಿ ಸಿಗುತ್ತದೆ. ಕಂಬ, ಕಡಲು, ಪಾತ್ರೆಗಳನ್ನೆಲ್ಲ ಎರಕ ಹೊಯ್ಯಿಸಿದ ಸೊಲೊಮೋನ, ಬಹಳವಾದ್ದರಿಂದ ಕಂಚನ್ನು ತೂಗದೆ ಬಿಟ್ಟ. ಬರುವಾಗ ಹೆಮ್ಮೆಯಿಂದ ತೂಗಲಿಲ್ಲ, ಹೋಗುವಾಗ ತೂಗಲಾಗಲಿಲ್ಲ. ಎಲ್ಲವನ್ನೂ ಎಣಿಸಿದ ಪುಸ್ತಕದ ಎರಡು ತುದಿಯಲ್ಲಿ ಲೆಕ್ಕಕ್ಕೆ ಸಿಗದ ಒಂದೇ ಲೋಹ.

(ಮುಂದೆ ಪರ್ಷಿಯದ ಕೋರೆಷ ಪಾತ್ರೆಗಳನ್ನು ಎಣಿಸಿ ವಾಪಸು ಕೊಡಿಸಿದ ಎಂದು ಎಜ್ರನ ಗ್ರಂಥ ಹೇಳುತ್ತದೆ. ಅಲ್ಲಿ ಪಟ್ಟಿಯ ಬಾಬ್ತುಗಳನ್ನು ಕೂಡಿದರೆ 2,499, ಕೊನೆಯಲ್ಲಿ ಕೊಟ್ಟ ಮೊತ್ತ 5,400. ಆ ಗುಮಾಸ್ತ ನಮ್ಮ ಶಾನುಭೋಗನ ಶಿಷ್ಯನಲ್ಲ ಎಂಬುದಂತೂ ಖಚಿತ.)

‘ಅರಸುಗಳು’ ಗ್ರಂಥದ ಕೊನೆಯ ನಾಲ್ಕು ವಾಕ್ಯಗಳು ಬಾಬಿಲೋನಿನ ಸೆರೆಯಲ್ಲಿದ್ದ ಯೆಹೋಯಾಖೀನ ಎಂಬ ಅರಸನ ಬಗ್ಗೆ. ಸೆರೆಯಾದ 37ನೆಯ ವರ್ಷ ಹೊಸ ದೊರೆ ಎವೀಲ್ಮೆರೋದಕ ಅವನನ್ನು ಬಿಡುಗಡೆ ಮಾಡಿ, ಸೆರೆಯ ಬಟ್ಟೆ ಬದಲಿಸಿ, ತನ್ನ ಪಂಕ್ತಿಯಲ್ಲಿ ಊಟಕ್ಕೆ ಕೂರಿಸುತ್ತಾನೆ. ಬದುಕಿರುವ ತನಕ ಅವನಿಗೆ ದಿನದಿನದ ಪಡಿ ದೊರೆಯಿಂದ ಸಿಗುತ್ತಿತ್ತು. ಪುಸ್ತಕ ಮುಗಿಯಿತು. 30 ಕೋರ್ ಹಿಟ್ಟು, 100 ಕುರಿ ಎಂಬ ಒಂದು ದಿನದ ಪಟ್ಟಿಯಿಂದ ಹೊರಟ ಸೊಲೊಮೋನನ ಮನೆತನ ಇನ್ನೊಬ್ಬರು ಅಳೆದು ಕೊಡುವ ಒಂದು ದಿನದ ಪಡಿಗೆ ಬಂದು ನಿಂತಿದೆ. ಇದು ಆಶಾವಾದವೋ ನಿರಾಶೆಯೋ ಎಂದು ವ್ಯಾಖ್ಯಾನಕಾರರು ಇವತ್ತಿಗೂ ವಾದಿಸುತ್ತಿದ್ದಾರೆ.

ಬಾಬಿಲೋನಿನ ಅವಶೇಷಗಳಲ್ಲಿ ರಾಬರ್ಟ್ ಕೋಲ್ಡೆವೈ ನೇತೃತ್ವದ ಜರ್ಮನ್ ತಂಡಕ್ಕೆ ಸಿಕ್ಕ ಮಣ್ಣಿನ ಹಲಗೆಗಳಲ್ಲಿ ಕೆಲವನ್ನು ಎರ್ನ್ಸ್ಟ್ ವೈಡ್ನರ್ 1939ರಲ್ಲಿ ಓದಿ ಪ್ರಕಟಿಸಿದರು. ಅವು ನೆಬೂಕದ್ನೆಚ್ಚರನ ಕಾಲದ ಅರಮನೆಯ ಪಡಿ ವಿತರಣೆಯ ಪಟ್ಟಿಗಳು. ಅದರಲ್ಲಿ ಯೆಹೋಯಾಖೀನನಿಗೂ ಅವನ ಐದು ಮಂದಿ ಗಂಡುಮಕ್ಕಳಿಗೂ ಇಷ್ಟಿಷ್ಟು ಎಣ್ಣೆ ಎಂದು ಬರೆದಿದೆ. ಬಾಬಿಲೋನಿನ ಶಾನುಭೋಗ ಆ ಸೆರೆಯಾಳಿನ ಹೆಸರಿನ ಮುಂದೆ ‘ಯೆಹೂದದ ಅರಸ’ ಎಂದೇ ನಮೂದಿಸಿದ್ದಾನೆ.